ಮೂರ್ತಿಯವರ ಹೆಸರಿನ ಲಾಕ್

ಮೂಡಿಗೆರೆಯ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಇದ್ದದ್ದು ಎರಡು ಕಡೆ. ಆಫೀಸಿನದು ಗಿರಿಜಾಂಬಾಳದು, ಅಂಗಳದಾಚೆ ಗೋಡೌನಿನದು ಓಂಕಾರಮೂರ್ತಿಯವರದು. ಯಾವ ಎಸ್ಟೇಟಿನ ಪಾರ್ಚ್‌ಮೆಂಟ್, ಅಂದರೆ ಒಳಹೊಟ್ಟು ಸುಲಿಯದ ಕಾಫಿಬೀಜ, ಬಂತು, ಯಾವುದು ಮಿಲ್ಲಿಗೆ ಹೋಯಿತು ಎಂದು ಬರೆಯುವ ಫೈಲು ಮಾತ್ರ ಒಂದೇ. ಅದು ಆಫೀಸಿನ ಮೂಲೆಯ ಸರ್ವರಿನಲ್ಲಿತ್ತು, ಇಬ್ಬರೂ ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯಬೇಕು. ಒಟ್ಟಿಗೆ ಬರೆದರೆ ಒಬ್ಬರದನ್ನು ಇನ್ನೊಬ್ಬರದು ನುಂಗಿಹಾಕುತ್ತದೆಂದು, ಒಬ್ಬರು ತೆರೆದ ಕೂಡಲೇ ಇನ್ನೊಬ್ಬರಿಗೆ ಲಾಕ್ ಬೀಳುತ್ತಿತ್ತು. ಪರದೆಯ ಮೇಲೆ ತೆರೆದವರ ಹೆಸರು ಬರುತ್ತಿತ್ತು. ಆಮೇಲೆ ಇಂಟರ್‌ಕಾಮೇ ಗತಿ.

"ಗಿರಿಜಮ್ಮ, ಫೈಲ್ ಬಿಡ್ತೀರಾ? ಲಾರಿ ಬಂದು ನಿಂತಿದೆ."

"ಬಿಟ್ಟೆ ಮೂರ್ತಿಯವ್ರೇ. ನಿಮ್ ಕಡೆ ಮಳೆ ಉಂಟಾ?"

"ಅಂಗಳ ದಾಟಿದ್ರೆ ಬೇರೆ ಮಳೆ ಬರತ್ತಾ, ಮಾರಾಯ್ರೆ?"

ಇಷ್ಟೇ ಮಾತು. ಪ್ರೇಮ ಗೀಮ ಎಂದು ಯಾರೂ ಬಾಯಿಗೆ ಬಂದದ್ದು ಆಡುವುದು ಬೇಡ. ಮೂರ್ತಿಯವರು ಮೊಮ್ಮಕ್ಕಳನ್ನು ಕಂಡ ಸಂಸಾರಸ್ಥರು. ಆದರೆ ಗಿರಿಜಾಂಬಾ ಬಸ್‌ಸ್ಟ್ಯಾಂಡ್ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದವಳು. ಸಂಜೆ ಬೀಗ ತೆಗೆದು ಒಳಹೊಕ್ಕರೆ ಬೆಳಿಗ್ಗೆಯವರೆಗೆ ಅವಳನ್ನು ಏನೆಂದು ಕೇಳುವವರಿಲ್ಲ. ಹಾಗಾಗಿ ಕೆಲಸ ಮುಗಿದರೂ ಎಷ್ಟೋ ಸಲ ಬೇಕೆಂದೇ ಫೈಲು ತೆರೆದಿಟ್ಟು ಸುಮ್ಮನೆ ಕೂತಿರುತ್ತಿದ್ದಳು. ಫೋನು ಬಂದೇ ಬರುತ್ತಿತ್ತು.

ಈ ವರ್ಷ ವರ್ಕ್ಸ್‌ನ ಮಾಲೀಕ ಸಾಹುಕಾರ್ ಮಲ್ಲಿಕಾರ್ಜುನಪ್ಪನವರು ಕೊಟ್ಟಿಗೆಹಾರದಲ್ಲಿ ಡಿಪೋ ತೆರೆದು ಮೂರ್ತಿಯವರನ್ನು ಅಲ್ಲಿಗೆ ಕಳಿಸಿದರು. ಹೊರಡುವ ಸಂಜೆ ಮೂರ್ತಿಯವರು ಫೈಲು ತೆರೆದಿದ್ದಾಗಲೇ ಗೋಡೌನಿನಲ್ಲಿ ಕರೆಂಟು ಹೋಯಿತು. ಮಲೆನಾಡಿನ ಕರೆಂಟಿಗೆ ಕಾಯುವ ಮೂರ್ಖರು ಯಾರು? ಕಂಪ್ಯೂಟರನ್ನು ಹಾಗೇ ಜೀಪಿಗೆ ಹಾಕಿಕೊಂಡು ಹೋದರು.

ಮರುದಿನ ಗಿರಿಜಾಂಬಾ ಫೈಲು ಒತ್ತಿದರೆ ಲಾಕ್. ಹೆಸರು ಓಂಕಾರಮೂರ್ತಿ. ಹೋಗಲಿಲ್ಲವೇ ಹಾಗಾದರೆ? ಸಂತೋಷದಿಂದ ಇಂಟರ್‌ಕಾಮ್ ಎತ್ತಿದಳು. ಖಾಲಿ ಗೋಡೌನಿನಲ್ಲಿ ಫೋನಿನ ಗಂಟೆ ಹೊಡೆದುಕೊಳ್ಳುವುದು ಅಂಗಳದಾಚೆಯಿಂದ ಅವಳಿಗೇ ಕೇಳಿಸಿತು.

ಮಧ್ಯಾಹ್ನ ಚಿಕ್ಕಮಗಳೂರಿನಿಂದ ಕಂಪ್ಯೂಟರ್ ರಿಪೇರಿಯ ಪ್ರಶಾಂತ್ ಬಂದ.

"ಅವ್ರ ಮೆಷಿನ್ ಮತ್ತೆ ಆನ್ ಆಗಿ, ನಾನು ಬಿಟ್ಟೆ ಅಂತ ಸರ್ವರಿಗೆ ಹೇಳ್ಬೇಕು ಮೇಡಂ. ಅದು ಇಲ್ಲಿಗೆ ಇನ್ನು ಬರಲ್ಲ. ಸರ್ವರ್ ಎಷ್ಟು ದಿನ ಆದ್ರೂ ಕಾಯ್ತಾನೇ ಇರತ್ತೆ."

"ಕಾಯ್ಲಿ ಬಿಡಿ," ಎಂದುಬಿಟ್ಟಳು.

ಅವನು ನಕ್ಕ. "ಕೆಲ್ಸ ಆಗ್ಬೇಕಲ್ಲ? ನಿಮ್ಮ ಮೆಷಿನ್ನಿಗೆ ಸರ್ವರ್ ಡಿಸ್ಕ್ ಜೋಡಿಸುವಾಗ ನೋಲಾಕ್ ಅಂತ ಒಂದು ಆಜ್ಞೆ ಕೊಟ್ಬಿಡ್ತೀನಿ. ಲಾಕ್ ಇದ್ಯಾ ಅಂತ ಅದು ಸರ್ವರನ್ನ ಕೇಳೋದೇ ಇಲ್ಲ."

"ಒಬ್ರು ಬರ್ದಿದ್ದು ಇನ್ನೊಬ್ರದ್ದನ್ನ ಅಳ್ಸಿದ್ರೆ?"

"ಇಬ್ರಿದ್ರೆ ಆ ಭಯ ಮೇಡಂ. ಈಗ ನೀವೊಬ್ರೇ ಅಲ್ವಾ? ಅವ್ರದ್ದೇನಾದ್ರೂ ಸೇವ್ ಆಗೋದಿತ್ತಾ ಅಂತ ಬೇಕಾದ್ರೆ ಒಂದ್ಸಲ ಕೇಳಿ."

ಅವಳಿಗೆ ಅಷ್ಟು ಸಾಕಾಗಿತ್ತು. ಬೆಳಿಗ್ಗೆಯಿಂದ ಹುಡುಕುತ್ತಿದ್ದ ನೆಪ ತಾನಾಗಿಯೇ ಸಿಕ್ಕಿತು. ಸೆರಗು ಸರಿಮಾಡಿಕೊಂಡು ಕೊಟ್ಟಿಗೆಹಾರದ ನಂಬರು ಒತ್ತಿದಳು.

"ಹಲೋ, ಯಾರು ಮಾತಾಡೋದು?" ಮೂರ್ತಿಯವರದೇ ದನಿ. ಹಿಂದೆ ಆಳುಗಳ ಗಲಾಟೆ, ಯಾರದೋ ನಗು.

"ನಾನು, ಗಿರಿಜಾಂಬಾ. ಫೈಲ್ ನಿಮ್ಮ ಹೆಸ್ರಲ್ಲೇ ನಿಂತಿದೆ. ಏನಾದ್ರೂ ಬರಿಯೋದಿತ್ತಾ?"

"ಓ, ಗಿರಿಜಮ್ಮನಾ! ಇಲ್ಲ ಇಲ್ಲ, ತೆಗ್ಸಿಬಿಡಿ. ಅಲ್ಲಿ ನಂದೇನೂ ಉಳಿದಿಲ್ಲ. ಇಡ್ಲಾ? ಜನ ಕಾಯ್ತಿದಾರೆ."

ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದರು. ಗಿರಿಜಾಂಬಾ ಫೋನು ಇಟ್ಟಳು.

"ಏನಂದ್ರು ಮೇಡಂ?" ಪ್ರಶಾಂತ್ ಕೀಬೋರ್ಡ್ ಮೇಲೆ ಕೈಯಿಟ್ಟುಕೊಂಡೇ ಕೇಳಿದ.

"ತೆಗೀರಿ," ಎಂದಳು. "ನಾನೊಬ್ಳೇ."

ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.