ಲಕ್ಷ್ಮಯ್ಯನ ತೂತಿನ ಟೇಪು

ಟೇಪು ಹರಿದದ್ದು ನನ್ನ ಕೈಯಲ್ಲಿ. ತಪ್ಪು ಲಕ್ಷ್ಮಯ್ಯನದು ಎಂದವನೂ ನಾನೇ.

ನಾವಿಬ್ಬರೂ ಒಂದೇ ಫ್ಯಾಕ್ಟರಿಯಲ್ಲಿ ಇದ್ದವರು. ಅಲ್ಲಿ ಗುಜರಿಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ರಾಮನಗರದ ನನ್ನ ಶೆಡ್ಡಿಗೆ ತಂದು ಮೂರು ವರ್ಷ ರಿಪೇರಿ ಮಾಡಿದ್ದೆ. ಅದಕ್ಕೆಂದು ಲಕ್ಷ್ಮಯ್ಯ ಫ್ಯಾಕ್ಟರಿಯಲ್ಲಿದ್ದಾಗ ಬರೆದಿದ್ದ ಒಂದೇ ಒಂದು ಪ್ರೋಗ್ರಾಂ ಉಳಿದಿತ್ತು, ಟೇಪಿನ ಮೇಲೆ: ಉದ್ದನೆಯ ಕಾಗದದ ಪಟ್ಟಿ, ಅದರ ತುಂಬ ಸಾಲು ಸಾಲು ತೂತು. ತೂತುಗಳೇ ಅಕ್ಷರ. ಈಗ ಅವನಿಗೆ ಕಣ್ಣು ಕಾಣದು. ಅದು ಓಡುವ ಸದ್ದನ್ನಾದರೂ ಒಮ್ಮೆ ಕೇಳಬೇಕು ಎಂದಿದ್ದ.

ನಕಲು ಮಾಡಲು ಸುರುಳಿ ಬಿಡಿಸುವಾಗ ಪಟ್ಟಿ ಹರಿಯಿತು. ಪಕ್ಕದ ಮನೆಯ ರೋಶನ್ ಬೀ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು, ಕಣ್ಣಿಗೆ ಕಾಣದ ಎಳೆಗೆ ಎಳೆ ಸೇರಿಸುವ ಕೈ. ಎಲ್ಲಿ ಹರಿದಿತ್ತೆಂದು ಹುಡುಕಬೇಕು, ಹಾಗೆ ಅಂಟಿಸಿಕೊಟ್ಟರು. ನಾಲ್ಕು ದಿನ ಕೂತು, ಅದನ್ನು ನೋಡಿಕೊಂಡು ಒಂದೊಂದೇ ತೂತು ಹೊಡೆದು ಹೊಸ ಪಟ್ಟಿ ಮಾಡಿದೆ. ಬಿಡದಿಯಿಂದ ಲಕ್ಷ್ಮಯ್ಯನನ್ನು ಕರೆತಂದೆ. ಕಂಪ್ಯೂಟರು ಪಟ್ಟಿಯನ್ನೆಲ್ಲ ಎಳೆದುಕೊಂಡು ಸುಮ್ಮನಾಯಿತು.

“ನೀನ್ ಬರ್ದಿರದ್ರಲ್ಲೇ ಏನೋ ತಪ್ಪೈತೆ ಕಣ್ಲಾ,” ಅಂದೆ.

ಅವನ ಮುಖ ಚಿಕ್ಕದಾಯಿತು. “ಇರಬೋದು. ಹಳೇದು ಕೊಡು ಇಲ್ಲಿ.”

ಹಳೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದ. ಅಂಟಿಸಿದ ಜಾಗದಲ್ಲಿ ಬೆರಳು ನಿಂತಿತು, ಹಿಂದೆ ಬಂತು, ಮತ್ತೆ ನಿಂತಿತು. “ಇಲ್ಲಿ ಒಸಿ ಇಲ್ಲ ಕಣ್ಲಾ.”

ಹರಿದ ಸುದ್ದಿಯನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ನಾಚಿಕೆಯಾಯಿತು. ರೋಶನ್ ಬೀಯನ್ನು ಕೇಳಿದೆ.

“ಹಿಂಜಿರೋ ತುದಿ ಕಿತ್ತಾಕ್ಬುಟ್ಟು ತಾನೆ ಅಣ್ಣ ಸೇರ್ಸೋದು?” ಅಂದರು. “ಇಲ್ದಿದ್ರೆ ನೂಲು ಕೆಡ್ತದೆ.”

ಆ ಕೈಗೆ ಅದೇ ಅಭ್ಯಾಸ, ಪಾಪ. ತಾವೇ ವೇಸ್ಟ್ ರೇಷ್ಮೆಯ ಚೀಲ ಸುರಿದು, ಬೆಂದ ಹುಳದ ವಾಸನೆಯಲ್ಲಿ ಕೈಯಾಡಿಸಿ, ಬೆರಳುದ್ದದ ತುಂಡು ಹುಡುಕಿಕೊಟ್ಟರು. ತೊಪ್ಪೆಯಾಗಿತ್ತು. ಶಾಯಿಯಾಗಿದ್ದರೆ ಅಳಿಸಿಹೋಗುತ್ತಿತ್ತು, ತೂತು ಎಲ್ಲಿ ಹೋಗುತ್ತದೆ? ಅದರಲ್ಲಿದ್ದ ತೂತುಗಳನ್ನೂ ಬೇರೆ ಕಾಗದದಲ್ಲಿ ಹೊಡೆದು ಹೊಸ ಪಟ್ಟಿಯ ನಡುವೆ ಸೇರಿಸಿ ಕಂಪ್ಯೂಟರಿಗೆ ಹಾಕಿದೆ.

ಪ್ರಿಂಟರು ಟಕ್ಕೆಂದಿತು.

“ಏನ್ ಬರೀತೈತೆ ಅಣ್ಣ?” ಎಂದರು ರೋಶನ್ ಬೀ. ಓದಲು ಬಗ್ಗಿದೆ. ಲಕ್ಷ್ಮಯ್ಯ ಕೈ ಅಡ್ಡ ಹಿಡಿದ.

“ಎರಡು,” ಅಂದ. ಮಿಷನ್ನು ಎರಡು ಹೊಡೆಯಿತು. “ಮೂರು. ಐದು. ಏಳು. ಹನ್ನೊಂದು.” ಒಂದನ್ನೂ ತಮ್ಮನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳು. ಅವನು ಮುಂದೆ, ಮಿಷನ್ನು ಹಿಂದೆ. “ತೊಂಬತ್ತೇಳು” ಎಂದಾಗ ಅದೂ ಹೊಡೆದು ನಿಂತಿತು.

“ಒಂದಾದ್ರೂ ತಪ್ಪಾಯ್ತೇನ್ಲಾ?”

“ಇಲ್ಲ ಕಣೋ. ತಪ್ಪು ನಂದು. ಹರಿದಾಕಿದ್ದು ನಾನೇ, ನಿಂಗೆ ಹೇಳ್ಲಿಲ್ಲ.”

“ಬೆರಳಿಗೆ ಆಗ್ಲೇ ಗೊತ್ತಾಯ್ತು ಬುಡು,” ಅಂದ. “ಇನ್ನೊಂದ್ ಸಲ ಹಾಕು.”