ಲೆಕ್ಕಕ್ಕಿಲ್ಲದ ರಾಡು

ಅಂಗಡಿಗಳ ತೂಕದ ಬಟ್ಟುಗಳನ್ನು ತಪಾಸಣೆ ಮಾಡುವ ಇಲಾಖೆಯಲ್ಲಿ ತಲೆಗೂದಲು ನರೆಯುವವರೆಗೂ ದುಡಿದು ನಿವೃತ್ತರಾದ ಅವರಿಗೆ ಜನ ತಕ್ಕಡಿ ಸಾಹೇಬರು ಎಂದು ಅಡ್ಡಹೆಸರಿಟ್ಟಿದ್ದರು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಅಂಗೈ ಮೇಲೆ ತೂಗಿ "ಹ್ಞೂಂ" ಎಂದು ರಾಗ ಎಳೆಯುತ್ತಿದ್ದರು. ಟೂತ್‌ಪೇಸ್ಟಿನ ಟ್ಯೂಬಿನಲ್ಲಿ ಅರ್ಧ ಬರೀ ಗಾಳಿ ಎಂಬುದು ಅವರ ದೃಢವಾದ ನಂಬಿಕೆ. ನಂಬಿಕೆ ಎಂದರೆ ಅವರಿಗಿದ್ದದ್ದು ಈ ತರಹದವೇ.

ಇಂಥ ಮನುಷ್ಯ ಅರವತ್ತೆರಡರಲ್ಲಿ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿದ್ದು ಶೋಕಿಗಲ್ಲ. ಹೆಂಡತಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸೋತಿತ್ತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ಹೋಗಿ ಇವರು ಆಕೆಯನ್ನು ನೆಲಕ್ಕೆ ಬೀಳಿಸಿದ್ದರು. ಅಂದಿನಿಂದ ಆಕೆ ಆರೈಕೆ ಕೇಂದ್ರದಲ್ಲಿ. ಅಲ್ಲಿನ ಹಿರಿಯ ನರ್ಸು ಮುಖಕ್ಕೆ ಹೊಡೆದಂತೆ ಹೇಳಿದ್ದರು: "ನನ್ನ ಕಣ್ಣೆದುರಿಗೆ ಒಬ್ಬರೇ ಎತ್ತಿ ಕೂರಿಸಿ ತೋರಿಸಿ ಸಾರ್. ಅವತ್ತೇ ಮನೆಗೆ ಕರ್ಕೊಂಡು ಹೋಗಿ. ಅಲ್ಲೀತನಕ ಆ ಮಾತೇ ಬೇಡ."

ವ್ಯಾಯಾಮಶಾಲೆ ಹುಡುಕಿಕೊಟ್ಟವಳು ಮಗಳು. ಸಾಹೇಬರ ಅನುಮಾನ ಅಲ್ಲಿಂದಲೇ ಶುರು. ಇಷ್ಟು ಬೇಗ ಹುಡುಕಿದಳೆಂದರೆ ಅಲ್ಲಿ ವ್ಯಾಯಾಮ ಕಲಿಸುವ ಕೋಚಮ್ಮನಿಗೂ ಇವಳಿಗೂ ಒಳಗೊಳಗೇ ಏನೋ ಇರಬೇಕು. ಅಪ್ಪನನ್ನು ಹೇಗಾದರೂ ಖುಷಿಯಾಗಿಡಿ, ಆಗದಿದ್ದರೂ ಆಯಿತು ಅನ್ನಿ ಎಂದು ಹೇಳಿರಬೇಕು.

ಕೋಚಮ್ಮ ಗಟ್ಟಿ ಗಂಟಲಿನ, ನೇರ ಮಾತಿನ ಹೆಂಗಸು. ವ್ಯಾಯಾಮಶಾಲೆಯಾಗಿ ಮಾರ್ಪಟ್ಟಿದ್ದ, ಗೋಡೆಯ ಸುಣ್ಣ ಉದುರುತ್ತಿದ್ದ ಆ ಹಳೆಯ ಗೋದಾಮಿನಲ್ಲಿ ಅವಳು ಬೋಳು ರಾಡೊಂದನ್ನು ಅವರ ಮುಂದಿಟ್ಟಳು.

"ಮೂರೇ ಕೆಲಸ ಸಾರ್. ಇದನ್ನ ಹೆಗಲ ಮೇಲಿಟ್ಕೊಂಡು ಕೂತು ಏಳೋದು, ತಲೆ ಮೇಲಕ್ಕೆ ಎತ್ತೋದು, ನೆಲದಿಂದ ಎತ್ತೋದು. ಒಂದು ಸಲಕ್ಕೆ ಐದೈದು. ಒಂದಿನ ಬಿಟ್ಟು ಒಂದಿನ ಬನ್ನಿ. ಬಂದಾಗೆಲ್ಲ ಚೂರು ಚೂರು ತೂಕ ಜಾಸ್ತಿ ಮಾಡೋಣ."

"ಇಷ್ಟೇನಾ?"

"ಇಷ್ಟೇ."

ಇಷ್ಟು ಸುಲಭವಾದದ್ದರಲ್ಲಿ ಮೋಸ ಇಲ್ಲದೆ ಇರುತ್ತದೆಯೇ? ಸಾಹೇಬರು ಮುಂದಿನ ಸಲ ಚೀಲದಲ್ಲಿ ತಮ್ಮ ಸ್ಪ್ರಿಂಗ್ ತಕ್ಕಡಿಯನ್ನೇ ಹೊತ್ತು ತಂದರು. ಕೋಚಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಂತೆಯೇ ರಾಡಿನ ತುದಿಗಳಿಗೆ ಸಿಕ್ಕಿಸುವ ಒಂದೊಂದು ಕಬ್ಬಿಣದ ಪ್ಲೇಟನ್ನೂ ನೇತುಹಾಕಿ ತೂಗಿದರು. ಎಲ್ಲವೂ ಸರಿಯಾಗಿದ್ದವು. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತೆನ್ನಬೇಕು. ಆದರೆ ರಾಡು ಆಳೆತ್ತರಕ್ಕಿಂತ ಉದ್ದ, ಕೊಕ್ಕೆಗೆ ಸಿಕ್ಕಿಸಿದರೆ ಜಾರುತ್ತಿತ್ತು.

"ಅದೇ ಇಪ್ಪತ್ತು ಕಿಲೋ ಸಾರ್."

"ಇಲಾಖೆಯ ಮುದ್ರೆ ಎಲ್ಲಿದೆ?"

"ರಾಡಿಗೆ ಯಾರು ಮುದ್ರೆ ಹೊಡೀತಾರೆ ಸಾರ್?"

ಮುದ್ರೆಯಿಲ್ಲದ್ದು ತೂಕವೇ ಅಲ್ಲ. ಸಾಹೇಬರು ಅಲ್ಲೇ ತೀರ್ಮಾನಿಸಿಬಿಟ್ಟರು, ರಾಡು ಲೆಕ್ಕಕ್ಕಿಲ್ಲ. ತಾವು ಎತ್ತಿದ್ದು ಎಂದರೆ ಪ್ಲೇಟುಗಳಷ್ಟೇ. ಹೆಂಡತಿಯ ತೂಕ ಐವತ್ತೈದು ಕಿಲೋ. ಪ್ಲೇಟುಗಳೇ ಐವತ್ತೈದು ಆಗುವ ದಿನ ನರ್ಸಮ್ಮನ ಎದುರು ನಿಲ್ಲಬೇಕು, ಅದಕ್ಕೆ ಮೊದಲಲ್ಲ. ಈ ಲೆಕ್ಕವನ್ನು ಅವರು ಯಾರಿಗೂ ಬಾಯಿಬಿಡಲಿಲ್ಲ.

ದಿನಗಳು ಉರುಳಿದವು. ಮೊಣಕಾಲು ಕಿರುಗುಟ್ಟುವುದು ನಿಂತಿತು, ಮೊಣಕಾಲ ಕೆಳಗೆ ರಾಡು ಉಜ್ಜಿ ತರಚಿದ ಗಾಯ ಒಣಗಿತು, ಅಂಗೈಯಲ್ಲಿ ದಡ್ಡು ಕಟ್ಟಿತು. ಬೆನ್ನು ನೆಟ್ಟಗಿಟ್ಟು ಎತ್ತುವುದು ರೂಢಿಯಾಯಿತು. ದಿನಾ ಸಂಜೆ ಆರೈಕೆ ಕೇಂದ್ರಕ್ಕೆ ಹೋದಾಗ ಹೆಂಡತಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಯಾವಾಗ ರೀ?"

"ಇನ್ನೂ ತೂಕ ಬಂದಿಲ್ಲ ಕಣೇ."

ಮೊದಮೊದಲು ಆಕೆ ತಲೆಯಾಡಿಸುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಸಾಹೇಬರಿಗೆ ಅದೂ ಅನುಮಾನವೇ. ಇಲ್ಲಿನ ಮೆತ್ತನೆಯ ದಿಂಬು, ಪಕ್ಕದ ಹಾಸಿಗೆಯ ಹರಟೆ, ಹೊತ್ತುಹೊತ್ತಿಗೆ ಬರುವ ಊಟ ರುಚಿಸಿಬಿಟ್ಟಿತೋ ಏನೋ ಎಂದು ಮನಸ್ಸು ಕಹಿ ಮಾಡಿಕೊಂಡರು.

ಕೊನೆಗೊಂದು ದಿನ ನಲವತ್ತೈದು ಕಿಲೋ ಪ್ಲೇಟುಗಳನ್ನು ಎತ್ತಿ ಇಳಿಸಿ, ಏದುಸಿರು ಬಿಡುತ್ತಾ ಗೊಣಗಿದರು. "ಇನ್ನೂ ಹತ್ತು ಬೇಕು. ಅವಳನ್ನ ಕರ್ಕೊಂಡು ಬರೋಕೆ ಇನ್ನೂ ಹತ್ತು."

"ಅಮ್ಮ ಎಷ್ಟಿದ್ದಾರೆ ಸಾರ್?"

"ಐವತ್ತೈದು."

ಕೋಚಮ್ಮ ಅವರನ್ನೇ ದಿಟ್ಟಿಸಿದಳು. "ನೀವು ಈಗ ಎತ್ತಿದ್ದು ಅರವತ್ತೈದು! ರಾಡು ಸೇರಿಸೇ ಇಲ್ವಾ?"

"ತೂಗದೆ ಇದ್ದದ್ದನ್ನ ಹ್ಯಾಗೆ ಸೇರಿಸ್ಲಿ?"

ಅವಳಿಗೆ ರೇಗಿಹೋಯಿತು. ಅವರ ಚೀಲದಿಂದ ತಕ್ಕಡಿಯನ್ನು ಕಿತ್ತುಕೊಂಡಳು. ಅದನ್ನು ಮೇಲಿನ ತೊಲೆಗೆ ಕಟ್ಟಿ, ಪ್ಲೇಟು ಕಳಚಿದ ರಾಡಿನ ನಡುವೆ ಹಗ್ಗ ಬಿಗಿದು ಅದರ ಕೊಕ್ಕೆಗೆ ತೂಗುಹಾಕಿದಳು. ಮುಳ್ಳು ಇಪ್ಪತ್ತರ ಮೇಲೆ ಬಂದು ನಿಂತಿತು. ಸಾಹೇಬರು ಕನ್ನಡಕ ಒರೆಸಿ ಮತ್ತೆ ನೋಡಿದರು. ಇಪ್ಪತ್ತೇ.

ಅವರು ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತರು. ಹಾಗಾದರೆ ಹೆಂಡತಿಯ ತೂಕವನ್ನು ದಾಟಿ ಎಷ್ಟೋ ವಾರಗಳಾಗಿದ್ದವು. ಅಷ್ಟೂ ವಾರ ಆಕೆ ಆ ಹಾಸಿಗೆಯಲ್ಲಿ ಮಲಗಿದ್ದು ಇವರ ಹಟಕ್ಕೆ. ಯಾವ ಅಂಗಡಿಯವನಿಗೂ ತಾವು ಇಷ್ಟು ದೊಡ್ಡ ದಂಡ ಹಾಕಿರಲಿಲ್ಲ. ಬಟ್ಟೆಯನ್ನೂ ಬದಲಿಸದೆ ಎದ್ದು ಆರೈಕೆ ಕೇಂದ್ರಕ್ಕೆ ಹೊರಟರು.

ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಾಹೇಬರು ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು.

"ನನ್ನ ಮನೆಗೆ ಕರ್ಕೊಂಡು ಹೋಗೋಕೆ ನಿಮಗೆ ಮನಸ್ಸಿಲ್ಲ ಅಂದ್ಕೊಂಡಿದ್ದೆ. ತೂಕ ಗೀಕ ಎಲ್ಲ ನೆಪ ಅಂತ."

"ಅಯ್ಯೋ, ನನ್ನ ಮೇಲೇ ಅನುಮಾನಾನಾ?"

"ಮೂವತ್ತೈದು ವರ್ಷ ನಿಮ್ಮ ಜೊತೆ ಬಾಳಿದ್ದೀನಲ್ಲ, ಅಂಟಿಕೊಳ್ಳದೆ ಇರುತ್ತಾ?" ಎಂದು ಆಕೆ ಈ ಕಡೆ ತಿರುಗಿದರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

ನರ್ಸಮ್ಮ ಬಂದು ಕುರ್ಚಿಯನ್ನು ಹಾಸಿಗೆಗೆ ಒತ್ತಿ ಇಟ್ಟರು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಸಾಹೇಬರು ಹೆಂಡತಿಯನ್ನು ಹಾಸಿಗೆಯ ಅಂಚಿಗೆ ಕೂರಿಸಿ, ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ ಕಂಕುಳ ಕೆಳಗೆ ಕೈ ಹಾಕಿದರು. ಉಸಿರು ಎಳೆದುಕೊಂಡರು.

"ಸ್ವಲ್ಪ ತಡೀರಿ," ಎಂದರು ಆಕೆ ಕಿವಿಯ ಹತ್ತಿರ. "ಅವತ್ತು ನಾನು ಬಿದ್ದದ್ದು ನಿಮಗೆ ಶಕ್ತಿ ಸಾಲದೆ ಅಲ್ಲ. ಬಲಗಾಲು ಊರ್ತೀನಿ, ತಡೀರಿ ಅಂದೆ. ನೀವು ನಂಬಲಿಲ್ಲ. ಎಳೆದುಬಿಟ್ರಿ."

ಸಾಹೇಬರ ಕೈಗಳು ಹಾಗೆಯೇ ನಿಂತವು. ಅಂದು ಆಕೆ ಹಾಗೆ ಹೇಳಿದ್ದು ಅವರಿಗೆ ಚೆನ್ನಾಗಿ ಕೇಳಿಸಿತ್ತು. ಸುಮ್ಮನೆ ಧೈರ್ಯಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದರು.

"ಈಗ ಊರಿದೀನಿ," ಎಂದರು ಹೆಂಡತಿ. "ಏಳೋಣ್ವಾ?"

ಊರಿದೆಯೋ ಇಲ್ಲವೋ ಎಂದು ಸಾಹೇಬರು ಬಗ್ಗಿ ಕಾಲು ನೋಡಲಿಲ್ಲ.

"ಏಳು," ಎಂದರು.