ಯಾರನ್ನಾದರೂ ಕಳಿಸಿ

ನಮ್ಮ ಶಾಲೆಯಲ್ಲಿ ‘ಪೊಲೀಸ್’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ತರಗತಿಯಲ್ಲಿ ಏನಾದರೂ ಎಡವಟ್ಟಾದರೆ ಟೀಚರು ಗೋಡೆಯ ಫೋನೆತ್ತಿ ‘ಯಾರನ್ನಾದರೂ ಕಳಿಸಿ’ ಎನ್ನುತ್ತಾರೆ. ಆಫೀಸಿನಲ್ಲಿ ಕೂತ ನಾನು ವಾಕಿಟಾಕಿ ಹಿಡಿದು, ಶಾಲೆಗೆಂದೇ ನೇಮಿಸಿದ ಪೊಲೀಸಿನವನು ಆಫೀಸರ್ ಡೆಂಪ್ಸಿಗೆ ಕೋಣೆಯ ನಂಬರು ಹೇಳುತ್ತೇನೆ. ಮೊದಲು ಈ ಕೆಲಸಕ್ಕೆ ಉಪಪ್ರಾಂಶುಪಾಲರಿದ್ದರು, ಒಬ್ಬಳು ಕೌನ್ಸೆಲರ್ ಇದ್ದಳು. ಇಬ್ಬರ ಹುದ್ದೆಯೂ ಹೋಯಿತು, ಡೆಂಪ್ಸಿ ಉಳಿದ. ‘ಯಾರಾದರೂ’ ಎಂದರೆ ಅವನೇ ಎಂದು ಮಕ್ಕಳಿಗೂ ಗೊತ್ತು.

ಅವನು ಇರಲೇಬೇಕು ಎಂದು ವಾದಿಸುವವಳು ನಾನೇ. ಶಾಲೆಯ ಮುಂಬಾಗಿಲಿಗೆ ಎದುರಾಗಿರುವುದು ನನ್ನ ಮೇಜು. ಬಂದೂಕು ಹಿಡಿದ ತಲೆಕೆಟ್ಟವನೊಬ್ಬ ಒಳಗೆ ನುಗ್ಗಿದರೆ ಮೊದಲು ಕಾಣುವುದು ನನ್ನ ಮುಖ. ‘ಶಾಲೆಗೆ ಪೊಲೀಸ್ ಬೇಡ’ ಎಂದು ಫಲಕ ಹಿಡಿದು ಕೂಗುವವರು ಆಗ ಬಂದು ಅಡ್ಡ ನಿಲ್ಲುತ್ತಾರೆಯೇ? ಓಹಿಯೋದ ನಮ್ಮ ಪುಟ್ಟ ಊರೇ ಈ ವಿಷಯಕ್ಕೆ ಎರಡು ಭಾಗವಾಗಿತ್ತು. ಗುರುವಾರದ ಶಾಲಾ ಮಂಡಳಿ ಸಭೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಹಾಗೆ ಮಾತಾಡಬೇಕೆಂದು ನಾನೂ ಹೆಸರು ಕೊಟ್ಟಿದ್ದೆ.

ಸೋಮವಾರ ಸಂಜೆ ಒಟೀಲಿಯಾ ಫೋನ್ ಮಾಡಿದ್ದಳು. ಚರ್ಚಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ನಿಂತು ಹಾಡುತ್ತ ಮುದುಕಿಯರಾದವರು. ಅವಳ ಮೊಮ್ಮಗಳು ಜನೇಯಾ ನಮ್ಮ ಶಾಲೆಯಲ್ಲೇ ಓದುತ್ತಾಳೆ. ನಮ್ಮ ಕಪ್ಪು ಹೆಣ್ಣುಮಕ್ಕಳ ಕೂದಲನ್ನು ಸಣ್ಣ ಸಣ್ಣ ಜಡೆಯಾಗಿ ಹೆಣೆಯುವುದೆಂದರೆ ದಿನವಿಡೀ ಹಿಡಿಯುವ ಕೆಲಸ.

“ಬೆರಳು ಹಿಡ್ಕೊಂಡ್ಬಿಟ್ವು ಕಣೇ,” ಎಂದಳು. “ಅರ್ಧ ತಲೆ ಹೆಣೆದಿದೀನಿ, ಇನ್ನರ್ಧ ಪೊದೆ ಥರ ನಿಂತಿದೆ. ಶಾಲೆಗೆ ಹೋಗಲ್ಲ ಅಂತ ಅಳ್ತಾ ಕೂತವ್ಳೆ.”

“ಸ್ವೆಟರಿಗಿರೋ ಟೊಪ್ಪಿ ಹಾಕ್ಕೊಂಡು ಬರ್ಲಿ ಬಿಡು,” ಎಂದು ನಾನು ನಕ್ಕಿದ್ದೆ. “ತರಗತೀಲಿ ತಲೆ ಮುಚ್ಚಬಾರ್ದು ಅಂತ ರೂಲಿದೆ, ಯಾರಾದ್ರೂ ಕೇಳಿದ್ರೆ ಮಿಸ್ ವರ್ನೆಟಾ ಹೇಳಿದಾರೆ ಅನ್ನು ಅಂತ ಹೇಳು. ನಾನಿಲ್ವಾ?”

ಮಂಗಳವಾರ ಫೋನ್ ಬಂತು. ಹೊಸ ಗಣಿತದ ಟೀಚರು ಮಿಸ್ ಹ್ಯಾಲೊರನ್. “ಒಬ್ಳು ಹುಡುಗಿ ತಲೆ ಮೇಲಿನ ಟೊಪ್ಪಿ ತೆಗೀತಿಲ್ಲ. ಯಾರನ್ನಾದ್ರೂ ಕಳಿಸ್ತೀರಾ?” ಎಂದಳು. ನನ್ನೆದುರು ಪೋಷಕರ ಸಾಲು, ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಆ ಕೋಣೆ. ವಾಕಿಟಾಕಿ ಎತ್ತಿದೆ. ಸ್ವಲ್ಪ ಹೊತ್ತಿನ ಮೇಲೆ, “ತಲುಪಿದ್ಯಾ ಡೆಂಪ್ಸಿ?” ಎಂದೂ ಕೇಳಿದೆ. ಕೆಲಸದಲ್ಲಿ ನಾನು ಅಷ್ಟು ಅಚ್ಚುಕಟ್ಟು!

ಡೆಂಪ್ಸಿ ಟೊಪ್ಪಿ ಎಳೆದನಂತೆ. ಇಡೀ ತರಗತಿ ನಕ್ಕಿತಂತೆ. ಅವಳು ಅವನ ಕೈಯನ್ನು ತಳ್ಳಿದಳಂತೆ. ಆಮೇಲೆ ಅವಳಿಗೆ ಕೈಕೋಳ ಹಾಕಿ ನನ್ನ ಮೇಜಿನ ಮುಂದಿನಿಂದಲೇ ಕರೆದುಕೊಂಡು ಹೋದ. ಅರ್ಧ ಜಡೆ, ಅರ್ಧ ಪೊದೆ. ಭಾನುವಾರ ಚರ್ಚಿನಲ್ಲಿ ನನ್ನ ಚೀಲದಿಂದ ಪೆಪ್ಪರ್‌ಮಿಂಟ್ ಕದಿಯುವ ಮಗು ನನ್ನ ಕಡೆ ನೋಡಲಿಲ್ಲ. ನಾನು ಅರ್ಧ ಎದ್ದೆ. ಫೋನ್ ಹೊಡೆದುಕೊಂಡಿತು. ಕೂತು ಎತ್ತಿಕೊಂಡೆ. ಪೊಲೀಸ್ ಅಧಿಕಾರಿಯ ಮೇಲೆ ಕೈ ಮಾಡಿದಳೆಂದು ಈಗ ಅವಳ ಮೇಲೆ ಕೇಸು.

ಗುರುವಾರ ಒಟೀಲಿಯಾ ತಾನೇ ಬಂದು ನನ್ನನ್ನು ಕಾರಿನಲ್ಲಿ ಸಭೆಗೆ ಕರೆದುಕೊಂಡು ಹೋದಳು. ಅವನನ್ನು ಕಳಿಸಿದ್ದು ನಾನೇ ಎಂದು ದಾರಿಯುದ್ದಕ್ಕೂ ಹೇಳಿಬಿಡೋಣ ಎಂದುಕೊಂಡೆ. ಹವಾಮಾನದ ಮಾತಾಡಿದೆ.

ಶಾಲೆಯ ಆಟದ ಹಾಲ್ ತುಂಬಿತ್ತು. ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ. ಒಟೀಲಿಯಾ ಮೈಕಿನ ಮುಂದೆ ನಿಂತಳು.

“ಪೊಲೀಸ್ ಬೇಕೋ ಬೇಡ್ವೋ ನೀವೇ ಕಿತ್ತಾಡ್ಕೊಳ್ಳಿ. ನಂದು ಒಂದೇ ಪ್ರಶ್ನೆ. ತಲೆ ಮುಚ್ಕೊಂಡು ಕೂತಿದ್ದ ಮಗು ಮೇಲೆ ಅವನನ್ನ ಕಳಿಸಿದ್ದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ಮಿಸ್ ಹ್ಯಾಲೊರನ್ ಅಳುತ್ತ ಎದ್ದಳು. “ಪೊಲೀಸ್ ಅಂತ ನಾನು ಅನ್ನಲೇ ಇಲ್ಲ. ಯಾರನ್ನಾದ್ರೂ ಅಂದೆ ಅಷ್ಟೆ!” ಪ್ರಾಂಶುಪಾಲರು ತಮಗೆ ತಿಳಿಸಿರಲಿಲ್ಲ ಎಂದರು. ಗೋಡೆಗೆ ಒರಗಿದ್ದ ಡೆಂಪ್ಸಿ, “ಹೋಗು ಅಂದ್ರು, ಹೋದೆ,” ಎಂದ. ಯಾರೂ ಸುಳ್ಳು ಹೇಳಲಿಲ್ಲ. ಜನ ಆ ಟೀಚರಿಗೇ ಛೀಮಾರಿ ಹಾಕಿದರು, ಹಿಂದಿನಿಂದ ಯಾರೋ “ಕೆಲಸ ಬಿಟ್ಟು ಹೋಗಮ್ಮಾ!” ಎಂದು ಕೂಗಿದರು. ಪಾಪ, ಇನ್ನೂ ಎಳೆ ಹುಡುಗಿ. ನಾನು ನನ್ನ ಚೀಲದ ಹಿಡಿಯನ್ನು ನೋಡುತ್ತಿದ್ದೆ.

ಆಮೇಲೆ ನನ್ನ ಹೆಸರು ಕರೆದರು.

“ಹೋಗೇ,” ಎಂದು ಪಕ್ಕಕ್ಕೆ ಬಂದು ಕೂತಿದ್ದ ಒಟೀಲಿಯಾ ಮೊಣಕೈಯಿಂದ ತಿವಿದಳು. “ನಿನ್ನನ್ನೇ ಕರೀತಿರೋದು.”

“ಗಂಟಲು ಸರಿ ಇಲ್ಲ,” ಎಂದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದಳು. ನಾನೂ ಹಿಂದೆಯೇ ಹೊರಗೆ ಬಂದೆ.

ಕಾರಿನಲ್ಲಿ ಕೂತ ಮೇಲೆ ಅವಳು ಕೀಲಿ ತಿರುಗಿಸಲಿಲ್ಲ.

“ಗಂಟಲು ಮಂಗಳವಾರ ಚೆನ್ನಾಗೇ ಇತ್ತಂತಲ್ಲ?”

“ಯಾರು ಹೇಳಿದ್ದು?”

“ಜನೇಯಾನೇ. ಡೆಂಪ್ಸಿ ಭುಜದ ಮೇಲಿನ ವಾಕಿಟಾಕಿ ಡಬ್ಬದಲ್ಲಿ ನಿನ್ನ ದನಿ ಬಂತಂತೆ. ‘ತಲುಪಿದ್ಯಾ’ ಅಂತ. ಹುಟ್ಟಿದಾಗಿಂದ ಆ ದನಿ ಕೇಳಿ ಬೆಳೆದೋಳು, ಗುರುತು ಸಿಗಲ್ವಾ? ಮಿಸ್ ವರ್ನೆಟಾಗೆ ಗೊತ್ತಾಗಿದೆ, ಈಗ ಬರ್ತಾರೆ ಅಂದ್ಕೊಂಡ್ಲಂತೆ. ಅದಕ್ಕೇ ಟೊಪ್ಪಿ ಬಿಗಿಯಾಗಿ ಹಿಡ್ಕೊಂಡು ಕೂತ್ಲಂತೆ. ನೀನು ಬರೋವರ್ಗೂ.”

“ಒಟೀಲಿಯಾ, ನಂಗೆ ಅವಳು ಅಂತ ಗೊತ್ತಿರ್ಲಿಲ್ಲ ಕಣೇ...”

“ಅವಳಲ್ದೆ ಬೇರೆಯವರ ಮಗು ಆಗಿದ್ರೆ?”

ಇಷ್ಟು ವರ್ಷ ಎಷ್ಟು ಮಕ್ಕಳ ಮೇಲೆ ಅವನನ್ನು ಕಳಿಸಿದ್ದೆನೋ, ಒಂದು ಹೆಸರನ್ನೂ ಕೇಳಿರಲಿಲ್ಲ.

“ನಾನು ಒಳಗೆ ಕೇಳಿದ್ದು ಆ ಟೀಚರನ್ನಲ್ಲ,” ಎಂದಳು ಒಟೀಲಿಯಾ. “ಹೆಸರು ಕರೆದಾಗ ಏಳದೇ ಇದ್ದೋರನ್ನ ಮತ್ತೆ ಕರೀತಾರಾ?”

“ಕೊನೇಲಿ ಒಂದ್ಸಲ ಕರೀತಾರೆ.”

“ಹಂಗಿದ್ರೆ ಇಳಿ.” ಅವಳು ನನ್ನ ಮಡಿಲ ಮೇಲಿಂದ ಕೈಚಾಚಿ ಬಾಗಿಲು ತೆರೆದಳು.

“ಕಾಯ್ತೀಯಾ?”

ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು. ನಾನು ಇಳಿದು ಹಾಲ್ ಕಡೆ ನಡೆದೆ. ಹಿಂದೆ ಕಾರು ಶುರುವಾದ ಸದ್ದು ಕೇಳಿತು. ತಿರುಗಿ ನೋಡಲು ನನಗೆ ಮುಖವಿರಲಿಲ್ಲ.